ನಿಮ್ಮ ರಿಜಿಸ್ಟರಿನಲ್ಲಿ ಆಗಿಹೋದ ನನ್ನ ಹೆಂಡತಿಯ ಆಪರೇಷನ್

ಕುಟುಂಬ ಕಲ್ಯಾಣ ಕೇಂದ್ರದ ವೈದ್ಯಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ರಿಜಿಸ್ಟರಿನ ಪ್ರಕಾರ ನನ್ನ ಹೆಂಡತಿ ಭಾಗವ್ವನಿಗೆ ಕಳೆದ ಆಗಸ್ಟಿನಲ್ಲಿ ಮಕ್ಕಳಾಗದ ಆಪರೇಷನ್ ಆಗಿದೆ. ಅವಳ ಮೈಯ ಪ್ರಕಾರ ಆಗಿಲ್ಲ. ಎರಡರಲ್ಲಿ ಸುಳ್ಳು ಯಾವುದೆಂದು ತಿಳಿಯಲು ತಿಂಗಳಿಂದ ನಿಮ್ಮ ಮೆಟ್ಟಿಲು ಹತ್ತುತ್ತಿದ್ದೇನೆ. ನಾಲ್ಕನೆಯ ಸಲ ನಿಮ್ಮ ಗುಮಾಸ್ತರು ಪುಸ್ತಕವನ್ನೇ ತಿರುಗಿಸಿ ತೋರಿಸಿದರು. ಅಕ್ಷರ ದುಂಡಗಿದೆ, ಹೆಬ್ಬೆಟ್ಟಿನ ಗುರುತು ಅವಳದೇ. ಇಷ್ಟು ಅಚ್ಚುಕಟ್ಟಾಗಿ ಬರೆದದ್ದನ್ನು ಅನುಮಾನಿಸಲು ನಾವು ಯಾರು?

ದೂರು ಹೇಳುವ ಮುಂಚೆ ನನ್ನ ಪಾಲಿನ ತಪ್ಪನ್ನು ನಾನೇ ಹೇಳಿಬಿಡುತ್ತೇನೆ. ನೀವು ಹೇಗೂ ಹೇಳುವವರೇ. ನಾನು ಘಾಟ್ಕೋಪರದ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸದ ಮುಕಾದಮ. ಹದಿನಾರನೇ ವಯಸ್ಸಿಗೆ ಗುಲಬರ್ಗಾ ಕಡೆಯಿಂದ ಬಂದು, ಇಟ್ಟಿಗೆ ಹೊತ್ತು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು, ಈಗ ಮೂವತ್ತು ಜನರ ಹಾಜರಿ ಬರೆಯುತ್ತೇನೆ. ಹಾಜರಿ ಬರೆದು ಬರೆದು ನನಗೊಂದು ರೋಗ ಹತ್ತಿದೆ: ಯಾವ ಮನುಷ್ಯನನ್ನು ಕಂಡರೂ ಎಷ್ಟು ದಿನ ಕೆಲಸಕ್ಕೆ ಬಂದಾನು, ಎಷ್ಟು ದಿನ ತಪ್ಪಿಸಿಯಾನು ಎಂದೇ ಲೆಕ್ಕ ಹಾಕುತ್ತೇನೆ. ಹೆಂಡತಿಯೂ ನನ್ನ ಕೈಕೆಳಗೇ ಬುಟ್ಟಿ ಹೊರುವವಳಾದ್ದರಿಂದ ಅವಳಿಗೂ ವಿನಾಯಿತಿ ಸಿಗಲಿಲ್ಲ.

ಜೂನ್‌ನಲ್ಲಿ ನಮ್ಮ ನಾಲ್ಕನೆಯ ಕೂಸು ಹುಟ್ಟಿತು. ಮೂರನೆಯ ದಿನ ಆಸ್ಪತ್ರೆಯ ಸಿಸ್ಟರ್ ಫಾರಂ ಹಿಡಿದು ಬಂದರು. ಎರಡು ದಾರಿ ಹೇಳಿದರು. ಒಂದು, ನಾಳೆಯೇ ಹೊಕ್ಕುಳ ಕೆಳಗೆ ಸಣ್ಣಗೆ ಕೊಯ್ದು ನಾಳ ಕಟ್ಟುವುದು. ಒಂದು ವಾರ ಇಲ್ಲೇ ಇರಬೇಕು. ಇನ್ನೊಂದು, ಒಂದೂವರೆ ತಿಂಗಳು ಬಿಟ್ಟು ಶಿಬಿರದಲ್ಲಿ ಹೊಟ್ಟೆಗೆ ಸಣ್ಣ ತೂತು ಮಾಡಿ ದುರ್ಬೀನು ಹಾಕಿ ಮಾಡುವುದು. ಬೆಳಿಗ್ಗೆ ಹೋಗಿ ಸಂಜೆ ಮನೆಗೆ.

ಭಾಗವ್ವ ಮಲಗಿದಲ್ಲಿಂದಲೇ ಹೇಳಿದಳು: “ಈಗೇ ಆಗ್ಲಿ ಬಿಡ್ರಿ. ಹ್ಯಾಂಗೂ ಬಾಣಂತಿ ಅಂತ ಯಾರೂ ನನಗ ಕೊಡ ಎತ್ತಾಕ ಹಚ್ಚಂಗಿಲ್ಲ. ಅವ್ವನೂ ಊರಿಂದ ಬಂದಾಳ. ಒಂದೇ ಮಲಗೂದ್ರಾಗ ಎರಡೂ ಮುಗೀತಾವ.”

ಮಾನ್ಯರೇ, ಮೂವತ್ತು ಜನರ ಹಾಜರಿ ಬರೆಯುವ ನನಗೆ ಈ ಲೆಕ್ಕ ಹೊಳೆಯಲಿಲ್ಲ. ಹೆಬ್ಬೆಟ್ಟು ಒತ್ತುವವಳಿಗೆ ಹೊಳೆದಿತ್ತು. ನನ್ನ ಕಣ್ಣು ಗೋಡೆಯ ಮೇಲಿನ ನಿಮ್ಮ ಪೋಸ್ಟರಿನ ಮೇಲಿತ್ತು. ಅದರಲ್ಲಿ ದುರ್ಬೀನಿನ ಹೆಂಗಸು ಸಂಜೆಗೇ ನಗುತ್ತಾ ಮನೆಯ ಬಾಗಿಲಲ್ಲಿ ನಿಂತಿದ್ದಳು. “ವಾರಗಟ್ಟಲೆ ಕೆಲಸ ಯಾಕ ತಪ್ಪಸಬೇಕು, ಒಂದೇ ದಿನದ ಖಾಡಾ” ಎಂದು ನಾನು ಭಾಷಣ ಶುರು ಮಾಡಿದೆ. ಸಿಸ್ಟರ್ ಅರ್ಧಕ್ಕೇ ತಡೆದು, “ತುಮ್ಹೀಚ್ ಕರೂನ್ ಘ್ಯಾ ನಾ ಮುಕಾದಮ್, ದಹಾ ಮಿನಿಟಾಂಚಂ ಕಾಮ್,” ಎಂದರು. ಗಂಡಸೇ ಮಾಡಿಸಿಕೊಂಡರೆ ಹತ್ತು ನಿಮಿಷದ ಕೆಲಸವೆಂದು ನನಗೂ ಗೊತ್ತು. ಎರಡು ವರ್ಷದ ಹಿಂದೆ, ನಿಮ್ಮ ಹಲಗೆಯ ಮೇಲೆ ‘ಕಲ್ಯಾಣ’ದ ಬದಲು ‘ಯೋಜನೆ’ ಇದ್ದಾಗ, ಸ್ಟೇಶನ್ ಹೊರಗೆ ಗಂಡಸರನ್ನು ಹಿಡಿದು ಆಪರೇಷನ್ ಮಾಡುತ್ತಿದ್ದ ಡೇರೆಗೆ ಹೆದರಿ ಮುಂದಿನ ಸ್ಟೇಶನ್‌ನಲ್ಲಿಳಿದು ನಡೆದು ಬರುತ್ತಿದ್ದವನು ನಾನು. ಕಟ್ಟಡಕ್ಕೆ ಕಟ್ಟಿದ ಬಿದಿರ ಪರಾಂಚಿ ಹತ್ತುವವನಿಗೆ ಸೊಂಟದ ಬಲ ಬೇಕೆಂದು ಏನೋ ಹೇಳಿ ಮಾತು ತಿರುಗಿಸಿದೆ. ಅತ್ತೆ ಅಂಬವ್ವ ಗೋಡೆಯ ಕಡೆ ಮುಖ ಮಾಡಿ ಹೇಳಿದರು: “ಅಳಿಯಂದ್ರ ಸೊಂಟ ಭಾಳ ನಾಜೂಕ ಅದ, ಸಿಸ್ಟರ್. ನನ್ನ ಮಗಳದು ಕಬ್ಬಿಣದ್ದು.”

ಫಾರಂನಲ್ಲಿ ಗಂಡನ ಸಹಿಗೆ ಜಾಗವಿತ್ತು. ಯಾವ ಆಪರೇಷನ್ ಎಂಬಲ್ಲಿ ದುರ್ಬೀನಿಗೆ ಗುರುತು ಹಾಕಿ ಸಹಿ ಮಾಡಿದೆ. ನಾಳ ಯಾರದು, ಆಯ್ಕೆ ಯಾರದು ಎಂದು ಕೇಳುವ ಜಾಗ ನಿಮ್ಮ ಫಾರಂನಲ್ಲಿ ಇರಲಿಲ್ಲ. ನನ್ನ ತಲೆಯಲ್ಲೂ ಇರಲಿಲ್ಲ. ಈ ಒಂದು ವಿಷಯದಲ್ಲಿ ಸರಕಾರ ಮತ್ತು ನಾನು ಒಂದೇ.

ಬಾಣಂತನ ಮುಗಿಯಿತು, ಅತ್ತೆ ಊರಿಗೆ ಹೋದರು. ಶಿಬಿರದ ದಿನ ಬೆಳಿಗ್ಗೆಯೇ ಸಾಲಿನಲ್ಲಿ ನಿಲ್ಲಿಸಿ ಎಲ್ಲರ ಹೆಸರು ಬರೆದು ಹೆಬ್ಬೆಟ್ಟು ಒತ್ತಿಸಿದರು. ಮಧ್ಯಾಹ್ನ ಭಾಗವ್ವನನ್ನು ಟೇಬಲ್ ಮೇಲೆ ಮಲಗಿಸಿದ ಡಾಕ್ಟರರು ಸೀರೆ ಸರಿಸಿ ನೋಡಿದರೆ ಹೊಟ್ಟೆಯ ಮೇಲೆ ಉದ್ದದ ಗೆರೆ. ಮದುವೆಗೆ ಮುಂಚೆ ಕರುಳಿಗೆ ಆಗಿದ್ದ ಆಪರೇಷನ್ನಿನದು. ಒಳಗೆ ಕರುಳು ಅಂಟಿಕೊಂಡಿರಬಹುದು, ದುರ್ಬೀನು ಚುಚ್ಚುವುದು ಅಪಾಯ, ದೊಡ್ಡ ಆಸ್ಪತ್ರೆಗೆ ಹೋಗಿ ಎಂದು ಎಬ್ಬಿಸಿ ಕಳಿಸಿದರು. ಹದಿನಾಲ್ಕು ವರ್ಷದಿಂದ ಆ ಗೆರೆ ನೋಡುತ್ತಿರುವವನು ನಾನು. ಸಹಿ ಹಾಕುವಾಗ ನೆನಪಾಗಲಿಲ್ಲ. ಅವಳನ್ನು ಕೇಳಿದ್ದರೆ ಅವಳಿಗೆ ನೆನಪಾಗುತ್ತಿತ್ತು.

ಅವಳನ್ನು ಟೇಬಲ್ಲಿನಿಂದ ಇಳಿಸಿದರು; ರಿಜಿಸ್ಟರಿನಿಂದ ಇಳಿಸಲಿಲ್ಲ. ಆ ದಿನದ ಗುರಿ ನಲವತ್ತು, ಪುಸ್ತಕದಲ್ಲಿ ನಲವತ್ತೂ ಇವೆ. ದೊಡ್ಡ ಆಸ್ಪತ್ರೆಗೆ ಹೋದರೆ ಅವರು ಶಿಬಿರದಲ್ಲಿ ಬೆಳಿಗ್ಗೆಯೇ ಬರೆದುಕೊಟ್ಟಿದ್ದ ನಿಮ್ಮ ಕಾರ್ಡು ನೋಡಿ, “ಹಿಚಂ ಝಾಲಂಯ್, ದೋನ್ ವೇಳಾ ಕಸಂ ಕರಣಾರ್?” ಎಂದು ನಗುತ್ತಾ ವಾಪಸು ಕೊಟ್ಟರು. ಆಗಿಹೋದದ್ದನ್ನು ಇನ್ನೊಮ್ಮೆ ಹೇಗೆ ಮಾಡುತ್ತಾರೆ, ಪಾಪ.

ಕಳೆದ ತಿಂಗಳು ಅವಳ ಮುಟ್ಟು ಒಂಬತ್ತು ದಿನ ತಡವಾಯಿತು. ಆ ಒಂಬತ್ತು ದಿನ ನಮ್ಮ ಕುರ್ಲಾದ ಖೋಲಿಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ನಾಲ್ಕನೆಯ ಹೆರಿಗೆಯಲ್ಲೇ ಅವಳಿಗೆ ರಕ್ತ ನಿಲ್ಲದೆ, ಇನ್ನೊಂದು ಬೇಡವೇ ಬೇಡ ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು. ಹತ್ತನೆಯ ದಿನ ಅವಳು ಬಚ್ಚಲಿನಿಂದ ಬಂದು ರೊಟ್ಟಿ ಬಡಿಯಲು ಕುಳಿತಾಗ, ಆ ಸದ್ದಿನಿಂದಲೇ ನನಗೆ ಗೊತ್ತಾಯಿತು. ಮುಂದಿನ ಸಲ ಆ ಸದ್ದು ಕೇಳದಿದ್ದರೆ? ನಿಮ್ಮ ರಿಜಿಸ್ಟರಿನಲ್ಲಿ ಆಪರೇಷನ್ ಆದವಳ ಕೂಸನ್ನು ನೀವು ಯಾವ ಪುಟದಲ್ಲಿ ಬರೆದುಕೊಳ್ಳುತ್ತೀರಿ?

ಆದ್ದರಿಂದ ಕೂಡಲೇ ಅವಳ ಹೆಸರು ಹೊಡೆದು ಹಾಕಿ, ಹದಿನೈದು ದಿನದೊಳಗೆ ಹೊಟ್ಟೆ ಕೊಯ್ಯುವ ಆಪರೇಷನ್ನಿಗೆ ತಾರೀಖು ಕೊಡಬೇಕೆಂದು ಬರೆದು, ಪತ್ರವನ್ನು ಭಾಗವ್ವನಿಗೆ ಓದಿ ಹೇಳಿದೆ. ಹೊಗಳುತ್ತಾಳೆ ಎಂದುಕೊಂಡಿದ್ದೆ.

“ಹೊಟ್ಟಿ ಕೊಯ್ಯೂದು ಅಂತ ಬರದೀರಲ್ಲ,” ಎಂದಳು, “ನನ್ನ ಯಾವಾಗ ಕೇಳಿದ್ರಿ?”

“ಮತ್ತ ಇನ್ನೇನು ಉಳದದ?”

“ಹೊಟ್ಟಿ ಕೊಯ್ಯದ ಕೆಳಗಿನ ದಾರಿಲೆ ಮಾಡೂದೂ ಒಂದ ಅದ ಅಂತ ಬಾಜೂ ಖೋಲಿ ನಾಗವ್ವ ಅಂತಾಳ. ನನಗ ಆಗ್ತದೋ ಇಲ್ಲೋ ನಿಮಗೇನ್ ಗೊತ್ತು? ನನಗೂ ಗೊತ್ತಿಲ್ಲ. ಗೊತ್ತಿದ್ದೋರು ನನ್ನ ಮುಂದ ಕುಂತು ಹೇಳ್ಲಿ. ಕೇಳಿ ನಾ ಹೇಳ್ತೀನಿ.”

ಹಾಗಾಗಿ, ಮಾನ್ಯರೇ, ಮೇಲಿನ ಬೇಡಿಕೆಯಲ್ಲಿ ಅವಳ ಹೆಸರು ಹೊಡೆದು ಹಾಕುವುದಷ್ಟನ್ನೇ ಉಳಿಸಿಕೊಳ್ಳಿ. ಹದಿನೈದು ದಿನದ ಗಡುವೂ ಇರಲಿ. ಕೊಯ್ಯುವ ಮಾತು ನನ್ನದು, ಅದನ್ನು ಹಿಂದೆ ತೆಗೆದುಕೊಂಡಿದ್ದೇನೆ. ಅದರ ಬದಲು ಒಬ್ಬ ಡಾಕ್ಟರಮ್ಮನ ಅರ್ಧ ಗಂಟೆ ಕೊಡಿ. ಅವರಿಗೆ ಕನ್ನಡ ಬಾರದಿದ್ದರೆ ನಾಗವ್ವ ಜೊತೆಗೆ ಬಂದು ಮರಾಠಿಯಿಂದ ಕನ್ನಡಕ್ಕೆ ತಿರುಗಿಸಿ ಹೇಳುತ್ತಾಳೆ. ಅವರೆಲ್ಲ ಮಾತಾಡಿ ಮುಗಿಸುವವರೆಗೆ ನನ್ನನ್ನು ಒಳಗೆ ಬಿಡಬೇಡಿ. ಬಿಟ್ಟರೆ ನಾನು ಮಾತಾಡಿಬಿಡುತ್ತೇನೆ.

ಇಂತಿ, ನಿಮ್ಮ ಬಾಗಿಲಾಚೆಯ ಬೆಂಚಿನ ಮೇಲೆ ಬಾಯಿ ಮುಚ್ಚಿಕೊಂಡು ಕೂರಲು ಒಪ್ಪಿರುವ,
ಭೀಮರಾಯ, ಸೆಂಟ್ರಿಂಗ್ ಮುಕಾದಮ
ಕುರ್ಲಾ, ಡಿಸೆಂಬರ್ ೧೯೭೮