ನಕ್ಷೆಯಲ್ಲೊಂದು ಸುಳ್ಳು ಗೆರೆ

ಅಪ್ಪಾ,

ನಿನ್ನ ಹಡಗು ಕಡಲಿನ ಆಳ ಅಳೆಯುತ್ತ ಸಾಗಿದ ದಾರಿಯನ್ನು ಇವತ್ತು ಆಫೀಸಲ್ಲಿ ನಾನೇ ನಕ್ಷೆಗೆ ಹಾಕಿದೆ. ಕಪ್ಪು ಪರದೆಯಲ್ಲಿ ಒಂದು ಸಾಲು ಕಮಾಂಡ್ ಟೈಪ್ ಮಾಡಿದರೆ ಸಾಕು, ಗೆರೆ ತಾನೇ ಮೂಡುತ್ತೆ. ನೇಗಿಲ ಸಾಲಿನಂತೆ ಹೋಗಿ ಬಂದು, ಹಡಗು ಮುಳುಗಿದಲ್ಲಿ ಅದು ನಿಲ್ಲಬೇಕಿತ್ತು. ನಡುನೀರಲ್ಲಿ ಕೈಬಿಟ್ರು ಅಂತ ಅಮ್ಮ ಈಗಲೂ ಬೈಯೋ ಜಾಗ ಅದು. ಗೆರೆ ಅಲ್ಲಿ ನಿಲ್ಲಲಿಲ್ಲ, ನೆಟ್ಟಗೆ ನಮ್ಮೂರ ಬಂದರಿಗೆ ಬಂತು. ಅಲ್ಲಿಂದ ಹೊರಟ ಮುಂದಿನ ಹಡಗಿನ ದಾರಿಯೂ ಅದೇ ಫೈಲಲ್ಲಿತ್ತು. ಒಂದು ಮುಗೀತು, ಇನ್ನೊಂದು ಶುರು ಅನ್ನೋ ಗುರುತನ್ನ ನಡುವೆ ಹಾಕೋದು ಮರೆತಿದ್ದೆ, ಕಂಪ್ಯೂಟರ್ ಎರಡನ್ನೂ ಸೇರಿಸಿಬಿಟ್ಟಿತ್ತು.

"ಸುಳ್ಳು ಗೆರೆ ಕಣಮ್ಮ, ಅಳಿಸು," ಅಂದರು ಸಾಹೇಬರು.

ಅಳಿಸೋ ಮೊದಲು ಒಂದು ಪ್ರಿಂಟ್ ತೆಗೆದು ಮನೆಗೆ ತಗೊಂಡು ಬಂದೆ. ಅಮ್ಮ ಗೆರೆಯ ಮೇಲೆ ಬೆರಳಾಡಿಸುತ್ತ, "ನೋಡೇ, ಮನೆಗೇ ಬರ್ತಿದ್ರು," ಅಂದಳು.

ನಾನು ತಿದ್ದಲಿಲ್ಲ.