ಅಮ್ಮನ ಕೈಯಿಂದ ಕಸಿದ ಹಲಗೆ

ತೆತ್ವಾನ್ ಊರಿನ ಮೇಲೋಣಿಯ ತಾಮು ಚಿಕ್ಕಮ್ಮನಿಗೆ, ಕೆಳಗಿನ ಓಣಿಯ ಬತೂಲಳ ಸಲಾಮು.

ಎದುರು ಬಂದು ಕೇಳಲು ನನಗೆ ಮುಖವಿಲ್ಲ, ಅದಕ್ಕೇ ಕಾಗದ. ಇದನ್ನು ನಿಮ್ಮ ಸೊಸೆಯೇ ಓದಿ ಹೇಳಬೇಕು, ಗೊತ್ತು. ಅವಳ ಮುಂದೆ ನನ್ನ ಮಾನ ಹೋದರೆ ಹೋಗಲಿ.

ನಾಲ್ಕು ವರ್ಷದ ಹಿಂದೆ ಅಮ್ಮನಿಗೆ ಎಪ್ಪತ್ತು. ದಿನಾ ಬೆಳಿಗ್ಗೆ ಹಿಟ್ಟು ನಾದಿ, ಹಸಿ ರೊಟ್ಟಿಗಳ ಹಲಗೆ ಹೊತ್ತು, ಮೆಟ್ಟಿಲಿಳಿದು, ಓಣಿಯವರೆಲ್ಲ ರೊಟ್ಟಿ ಸುಡಿಸುವ ಊರೊಲೆಗೆ ಹೋಗುತ್ತಿದ್ದಳು. ಅಲ್ಲಿ ನೀವೂ ಅಮ್ಮನೂ ಸೇರಿದರೆ ಒಲೆಯವನಿಗೆ ಬಾಯಿ ಬಿಡಲೂ ಬಿಡುತ್ತಿರಲಿಲ್ಲ. ಇಪ್ಪತ್ತು ಮನೆಯ ರೊಟ್ಟಿಗಳಲ್ಲಿ ಯಾವುದು ಯಾರದೆಂದು ಅಮ್ಮ ನೋಡಿದ ಕೂಡಲೇ ಹೇಳುತ್ತಿದ್ದಳು. ನನಗೆ ಮಾತ್ರ ನಾಚಿಕೆ. ಮೂವರು ಹೆಣ್ಣುಮಕ್ಕಳಿದ್ದೂ ಮುದುಕಿ ಹಲಗೆ ಹೊರುತ್ತಾಳೆ ಅಂತ ಜನ ಆಡಿಕೊಳ್ಳುತ್ತಾರಲ್ಲ. ಮನೆಗೇ ಗ್ಯಾಸಿನ ಒಲೆ ತಂದೆ. "ಸಾಕಮ್ಮ, ಇನ್ನು ರಾಣಿ ಹಾಗೆ ಕೂತ್ಕೋ" ಅಂದೆ. ಕೂತಳು. ಕಿವಿ ಮಂದವಾಯಿತು. ಕೂಗಿ ಕೂಗಿ ಸಾಕಾಗಿ ನಾನು ಮಾತನ್ನೇ ಕಡಿಮೆ ಮಾಡಿದೆ.

ಆಗ ನೀವು ಬಂದು ಮುಖಕ್ಕೆ ಹೊಡೆದ ಹಾಗೆ ಅಂದಿರಿ: "ಏನೇ ಬತೂಲ್, ಜೀವ ಇರೋಳನ್ನ ದಿಂಬಿಗೆ ಒರಗಿಸಿ ದಿಂಬೇ ಮಾಡ್ಬಿಟ್ಯಲ್ಲೇ. ಕಳ್ಸು ನನ್ ಜೊತೆ." ನಾನು ಸುಮ್ಮನಿರಲಿಲ್ಲ. "ನಿಮ್ಮ ಸೊಸೆ ನಿಮ್ಮ ಕೈಲಿ ದುಡಿಸ್ಕೊಳ್ತಾಳೆ ಅಂತ ನಮ್ಮನೇಲೂ ಹಾಗೇನಾ? ಇನ್ನು ಈ ಕಡೆ ಬರ್ಬೇಡಿ" ಅಂದೆ. ನೀವು ಚಪ್ಪಲಿ ಮೆಟ್ಟಿ ಹೊರಟಿರಿ. ಓದುತ್ತಿರುವ ನಿನ್ನ ಕ್ಷಮೆಯನ್ನೂ ಕೇಳುತ್ತೇನೆ, ತಂಗಿ.

ಈಗ ಅಮ್ಮನಿಗೆ ಮರೆವಿನ ಕಾಯಿಲೆ. ಡಾಕ್ಟರಮ್ಮ ಕೇಳಿದರು: ದಿನಾ ನಡೀತಿದ್ರಾ, ನಾಲ್ಕು ಜನರ ಜೊತೆ ಬೆರೀತಿದ್ರಾ, ಕಿವಿಗೆ ಯಂತ್ರ ಹಾಕ್ಸಿದ್ರಾ, ತಲೆಗೆ ಏನಾದ್ರೂ ಕೆಲಸ ಇತ್ತಾ? ಎಲ್ಲದಕ್ಕೂ ಇಲ್ಲ ಅಂದೆ. "ಇವೆಲ್ಲ ಇದ್ರೂ ಬರ್ಬಹುದಿತ್ತು, ನಿಮ್ಮಿಂದ್ಲೇ ಬಂತು ಅನ್ನಲಾರೆ. ಆದ್ರೆ ಇವು ನೆನಪನ್ನ ಸ್ವಲ್ಪ ಕಾಯ್ತವೆ" ಅಂದರು. ಆ ಸ್ವಲ್ಪವನ್ನೇ ನಾನು ಕಸಿದುಕೊಂಡೆನಲ್ಲ ಚಿಕ್ಕಮ್ಮ.

ಯಂತ್ರ ಹಾಕಿಸಿದ್ದೇನೆ. ಆದರೆ ನನ್ನ ಜೊತೆ ಹೊಸಿಲು ದಾಟಲು ಅವಳು ಒಪ್ಪುವುದಿಲ್ಲ. ನಿಮ್ಮ ಹೆಸರೊಂದು ಮಾತ್ರ ಅವಳಿಗೆ ಇನ್ನೂ ನೆನಪಿದೆ, ಕರೆಯುತ್ತಾಳೆ. ಅದೂ ಹೋಗುವ ಮೊದಲು ಬನ್ನಿ. ನನ್ನನ್ನು ಎಷ್ಟು ಬೇಕಾದರೂ ಬೈಯಿರಿ, ಅವಳನ್ನು ಮಾತ್ರ ಕೈಹಿಡಿದು ನಾಲ್ಕು ಹೆಜ್ಜೆ ನಡೆಸಿ.

ನಿನ್ನೆ ತಲೆ ಬಾಚುತ್ತಿದ್ದೆ. ನನ್ನ ಕೈ ಹಿಡಿದು ಅಮ್ಮ ಅಂದಳು: "ಎಷ್ಟು ಚೆನ್ನಾಗಿ ನೋಡ್ಕೊಳ್ತೀಯೇ ಹುಡುಗಿ. ನಿಮ್ಮಮ್ಮ ಪುಣ್ಯವಂತೆ."

ದೇವರು ನಿಮ್ಮ ಮೊಣಕಾಲಿಗೂ ನೆನಪಿಗೂ ಬಲ ಕೊಡಲಿ.

ನಿಮ್ಮ ದಾರಿ ಕಾಯುತ್ತಿರುವ,
ಬತೂಲ್