ಬೆಟ್ಟದ ಆ ಕಡೆಯ ಮುಖ

ರಾಮನಗರ
ಜೂನ್ 9, 2025

ನನ್ನ ನೇತ್ರತ್ತೆಗೆ,

ಇಲ್ಲ ಅತ್ತೆ, ನಿಮ್ಮ ಚಿತ್ರದಲ್ಲಿರುವುದು ನಮ್ಮ ತಾರಸಿ ಮೇಲಿಂದ ಬರೆದ ಬೆಟ್ಟ ಅಲ್ಲವೇ ಅಲ್ಲ. ಯುಗಾದಿಗೆ ಬಂದಾಗ ನೀವು ಹಾಗೆಂದಿರಿ, ನಾನು ನಂಬಿದೆ. ಕಾಗದ ತಡವಾಯಿತು, ಬೈಯಬೇಡಿ. ಮೆಸೇಜ್ ಹಾಕಿದ್ದರೆ ಕಲ್ಯದ ನಿಮ್ಮ ಮನೆಯಲ್ಲಿ ಮೊದಲು ಮಾವ ಓದುತ್ತಿದ್ದರು. ಮೈಸೂರಿನ ಚಿತ್ರಕಲಾ ಕಾಲೇಜಿನಲ್ಲಿ ನನಗೆ ಸೀಟು ಸಿಕ್ಕಿದೆ. ನಿಮ್ಮಣ್ಣ, ಅಂದರೆ ನಮ್ಮಪ್ಪ, ಇನ್ನೂ ಹೂಂ ಅಂದಿಲ್ಲ.

ನಾನು ನಿಮ್ಮ ಎಂಥ ಫ್ಯಾನ್ ಅಂತ ಗೊತ್ತಲ್ಲ. ನಡುಮನೆಯಲ್ಲಿರುವ ನಿಮ್ಮ ಹಳೇ ಪೆನ್ಸಿಲ್ ಚಿತ್ರದ ಫೋಟೋ ತೆಗೆದು ನಮ್ಮ ಡ್ರಾಯಿಂಗ್ ಗ್ರೂಪಿಗೆ ಹಾಕಿದೆ. ಒಬ್ಬರು 'ಶಾಂತಿ' ಎಂದರು, ಇನ್ನೊಬ್ಬರು 'ಮಳೆಗೆ ಮುಂಚಿನ ಬೇಸರ' ಎಂದರು. ನಾನು ಎಲ್ಲರಿಗೂ ಹಾರ್ಟ್ ಒತ್ತುತ್ತಾ ಕೂತಿದ್ದೆ. ಆಗ ಗ್ರೂಪಿನ ಗೆಳತಿ ನಿಖಾತ್ ವಾಯ್ಸ್ ನೋಟ್ ಕಳಿಸಿದಳು. ಅವಳ ಅಪ್ಪ ಹಳ್ಳಿಗಳಿಂದ ರೇಷ್ಮೆಗೂಡು ತರುತ್ತಾರೆ, ಇವಳೂ ಜೊತೆಗೆ ಸುತ್ತುತ್ತಾಳೆ.

"ಏಯ್ ಅಮೂಲ್ಯ, ನಿಮ್ಮನೆಯಿಂದ ನೋಡಿದ್ರೆ ಬೆಟ್ಟಕ್ಕೆ ಎರಡು ತಲೆ ಕಾಣ್ತವೆ. ಇದ್ರಲ್ಲಿ ಒಂದೇ ಐತೆ. ಕೂಟಗಲ್ ರೋಡಲ್ಲಿ ನಿಂತ್ರೆ ಮಾತ್ರ ಹಿಂಗೆ ಕಣೇ! ಕಣ್ಣೇನ್ ಬಾಡಿಗೆಗೆ ಕೊಟ್ಟಿದ್ದೀಯಾ?"

ಮರುದಿನವೇ ಇಬ್ಬರೂ ಹೋದೆವು. ನಿಜ. ರೋಡ್ ಪಕ್ಕದ ಬಂಡೆ ಮೇಲೆ ಕೂತು ಚಿತ್ರವನ್ನು ಬೆಟ್ಟದ ಎದುರಿಗೆ ಹಿಡಿದರೆ ಗೆರೆಗೆ ಗೆರೆ ಕೂಡುತ್ತದೆ. ಬೆಟ್ಟ ತಣ್ಣಗಿದೆ, ಆಕಾಶದಲ್ಲಿ ಮಾತ್ರ ಪೇಪರ್ ಹರಿಯುವ ಹಾಗೆ ಪೆನ್ಸಿಲ್ ಒತ್ತಿದ್ದೀರಿ. ಅದು ಮೋಡ ಅಲ್ಲ ಅತ್ತೆ. ಎಲ್ಲ ಗೆರೆಗಳೂ ಒಂದೇ ಕಡೆಗೆ, ಊರಿಗೆ ಬೆನ್ನು ಹಾಕಿ ಓಡುತ್ತಿವೆ.

ಮನೆಗೆ ಬಂದು ಚಿತ್ರದ ಬಗ್ಗೆ ಬಸಮ್ಮಜ್ಜಿಯನ್ನು ಕೆಣಕಿದೆ.

"ಅಯ್ಯೋ, ಅದಾ! ಅದನ್ನ ಬರೆದ ದಿವ್ಸ ಗಂಡಿನ ಕಡೆಯೋರು ಬಂದು ಕುಂತವ್ರೆ, ನಿಮ್ಮತ್ತೆ ಪತ್ತೆನೇ ಇಲ್ಲ. ಕಾಸಿದ ಕಾಫಿನೇ ಕಾಸ್ದೆ ಕಣವ್ವ. ಹೊತ್ತು ಮುಳುಗೋ ಹೊತ್ಗೆ ಬಂದ್ಬುಟ್ಳು, ಮುಖ ತೊಳ್ಕೊಂಡು ಸೀರೆ ಉಟ್ಕೊಂಡ್ಳು," ಎಂದು ಅಜ್ಜಿ ನಕ್ಕರು. ನನಗೆ ನಗು ಬರಲಿಲ್ಲ.

ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ನಿಮ್ಮ ಮಂಡಿನೋವು ಒಸಿಯಾದರೂ ಕಡಿಮೆಯಾಗಲಿ. ಹರಸುವಷ್ಟು ದೊಡ್ಡವಳಲ್ಲ ನಾನು, ಆದರೂ ನಿಮಗೆ ಒಳ್ಳೆಯದಾಗಲಿ.

ನಿಮ್ಮ
ಅಮೂಲ್ಯ

ತಾ.ಕ.: ಮರೆತಿದ್ದೆ ಅಂದರೆ ಸುಳ್ಳಾಗುತ್ತದೆ, ಬರೆಯಲು ಭಯವಾಗಿತ್ತು. ಬರುವ ಭಾನುವಾರ ನನ್ನನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ. ನಾನು ಅತ್ತರೆ ಅಪ್ಪ ನೀವು ಬರೆದ ಆ ಚಿತ್ರ ತೋರಿಸಿ, "ನಿಮ್ಮತ್ತೆನೂ ಹಿಂಗೇ ಆಡ್ತಿದ್ಳು. ತಾನೇ ಮನೆಗೆ ಬಂದ್ಳು, ಪೆನ್ಸಿಲ್ಲೂ ಬುಟ್ಳು. ಈಗ ಚೆನ್ನಾಗಿಲ್ವಾ?" ಎನ್ನುತ್ತಾರೆ. ಅವರಿಗೆ ನೀವೇ ಸಾಕ್ಷಿ. ಭಾನುವಾರ ನಾನೂ ಹೊರಟುಬಿಟ್ಟರೆ, ಹೊತ್ತು ಮುಳುಗುವಾಗ ವಾಪಸ್ ಬಾ ಎಂದು ನೀವು ನನಗೆ ಹೇಳುತ್ತೀರಾ, ಅತ್ತೆ?